ಮೂಗು ಒಪ್ಪುವ ಮನೆ

ಹುಬ್ಬಳ್ಳಿಯಿಂದ ರಾತ್ರಿ ಸ್ಲೀಪರ್ ಬಸ್ ಹತ್ತಿ ಮುಂಬೈಗೆ ಬಂದವರಿಗೆ ಕಳಂಬೋಲಿಯ ಹೆಸರು ಕಿವಿಗೆ ಬಿದ್ದೇ ಇರುತ್ತದೆ. ಪುಣೆಯಿಂದ ಬರುವ ಎಕ್ಸ್‌ಪ್ರೆಸ್‌ವೇ ಮುಗಿಯುವುದು ಇಲ್ಲಿಯೇ. ನಸುಕಿನಲ್ಲಿ ಕ್ಲೀನರ್ ಹುಡುಗ "ಕಳಂಬೋಲಿ, ಕಳಂಬೋಲಿ, ಯಾರ್ ಇಳಿಯಾವ್ರು?" ಎಂದು ಕೂಗಿದಾಗ ಅರೆನಿದ್ದೆಯಲ್ಲಿ ಪರದೆ ಸರಿಸಿ ನೋಡಿರುತ್ತೀರಿ. ಸಾಲುಗಟ್ಟಿದ ಟ್ರೇಲರ್ ಲಾರಿಗಳು, ಮೇಲ್ಸೇತುವೆ, ಲಾರಿಗಳ ಮೇಲೆ ಉಕ್ಕಿನ ಸುರುಳಿಗಳು, ಒಂದೆರಡು ಚಹಾದಂಗಡಿ. ಮುಂಬೈ ಇನ್ನೂ ದೂರ ಇದೆ ಎಂದುಕೊಂಡು ಮತ್ತೆ ಮಲಗಿರುತ್ತೀರಿ. ಎಲ್ಲರೂ ಹೀಗೆ ದಾಟಿ ಹೋಗುವ ಈ ಊರಿನಲ್ಲಿ ನಾನು ಐದು ವರ್ಷದಿಂದ ಇದ್ದೇನೆ.

ನಾನು ಬ್ಯಾಡಗಿಯವಳು. ತಳೋಜಾ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಯಜಮಾನರು ನ್ಹಾವಾ ಶೇವಾ ಬಂದರಿನ ಕಡೆ ಕಂಟೇನರ್ ಯಾರ್ಡಿನಲ್ಲಿ. ಇಬ್ಬರ ಕೆಲಸಕ್ಕೂ ನಡುವೆ ಬೀಳುವ, ನಮ್ಮ ಸಂಬಳಕ್ಕೆ ಎಟಕುವ ಊರೆಂದರೆ ಇದೇ. ಬ್ಯಾಡಗಿ ಎಂದೊಡನೆ ಜನ ಮೆಣಸಿನಕಾಯಿ ಎನ್ನುತ್ತಾರೆ. ಸುಗ್ಗಿಯಲ್ಲಿ ಪೇಟೆಯ ದಿನ ಮಾರುಕಟ್ಟೆಯ ಮಗ್ಗುಲಲ್ಲಿ ಹಾದು ಹೋದವರಿಗೆ ಗೊತ್ತು, ಹೊರಗಿನಿಂದ ಬಂದವರು ಕರವಸ್ತ್ರ ಕಟ್ಟಿಕೊಂಡರೂ ಸೀನುತ್ತಾರೆ, ಕೆಮ್ಮುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ನಾವು ಊರವರು ಆ ಘಾಟಿನಲ್ಲೇ ಶಾಲೆಗೆ ಹೋಗಿ ಬಂದವರು. ಹೀಗಿರುವಾಗ ಬ್ಯಾಡಗಿಯ ಹುಡುಗಿ ಮುಂಬೈ ಗಾಳಿಗೆ ಸೀನಿ ಸೀನಿ ಹಾಸಿಗೆ ಹಿಡಿದಳು ಎಂಬುದು ನಮ್ಮ ಬಳಗದಲ್ಲಿ ದೊಡ್ಡ ತಮಾಷೆಯಾಯಿತು. ತಮಾಷೆ ಬಹಳ ದಿನ ಉಳಿಯಲಿಲ್ಲ.

2024ರ ಜುಲೈನಲ್ಲಿ ಒಂದು ರಾತ್ರಿ, ಎಡೆಬಿಡದ ಮಳೆ, ಯಜಮಾನರು ರಾತ್ರಿ ಪಾಳಿಯಲ್ಲಿ. ಎರಡು ಗಂಟೆಗೆ ಎಚ್ಚರವಾದಾಗ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು. ಮಲಗಿದರೆ ಉಸಿರು ಸಾಲುತ್ತಿಲ್ಲ, ಕೂತರೆ ಅರ್ಧ ಸಾಲುತ್ತದೆ. ಪಕ್ಕದ ಮನೆಯ ಸಾತಾರಾ ಕಡೆಯ ಕಾಕು ಆಟೋ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ನೆಬ್ಯುಲೈಸರ್ ಹಾಕಿದ ಮೇಲೆ ಬೆಳಗಿನ ಹೊತ್ತಿಗೆ ಮಾತು ಬಂತು. ಅದುವರೆಗಿನ ಮೂರು ವರ್ಷ ನಾನು ಅದನ್ನು ನೆಗಡಿ ಎನ್ನುತ್ತಿದ್ದೆ, ಡ್ಯೂಟಿ ಡಾಕ್ಟರು ಅಸ್ತಮಾ ಎಂದರು.

ಊರಿಗೆ ಸುದ್ದಿ ಮುಟ್ಟಿದ್ದೇ ತಡ, ಎಲ್ಲರ ಬಾಯಲ್ಲೂ ಒಂದೇ ಮಾತು: "ಮುಂಬೈ ನೀರು-ಗಾಳಿ ನಿನಗ ಆಗಿ ಬರಂಗಿಲ್ಲ, ಕೆಲಸ ಬಿಟ್ಟು ಬಾ." ಗಮನಿಸಿ, ಯಜಮಾನರಿಗೆ ಯಾರೂ ಕೆಲಸ ಬಿಡು ಎನ್ನಲಿಲ್ಲ. ಅವರ ಮಾತಿಗೆ ಪುರಾವೆಯೂ ಇತ್ತು. ಪ್ರತಿ ಮೇ ತಿಂಗಳು ಊರಿಗೆ ಹೋದರೆ ಮೂರನೇ ದಿನಕ್ಕೆ ನನ್ನ ಮೂಗು ತೆರೆದುಕೊಳ್ಳುತ್ತಿತ್ತು. ಮರಳಿ ಬಂದ ವಾರಕ್ಕೆ ಮುಚ್ಚುತ್ತಿತ್ತು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಪ್ರಸಾದ ನುಂಗಿ ಬಾ ಎಂದರು ಒಬ್ಬರು. ನಾವು ಮೀನು ಮುಟ್ಟದವರು ಎಂದರೆ, ಅಂಥವರಿಗೆ ಬೆಲ್ಲದಲ್ಲಿ ಕೊಡುತ್ತಾರೆ ಎಂಬ ಉತ್ತರ ಸಿದ್ಧವಾಗಿತ್ತು. ಕೆಲಸ ಬಿಡುವುದು ನನಗೆ ಸುಲಭದ ಮಾತಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಹನ್ನೊಂದು ವರ್ಷ ಲ್ಯಾಬಿನಲ್ಲಿ ನಿಂತು ಕಲಿತದ್ದಕ್ಕೆ ಬ್ಯಾಡಗಿಯಲ್ಲಿ ಕುರ್ಚಿ ಇಲ್ಲ. ಹಾಗಾಗಿ ಕಾರಣ ಗೊತ್ತಾಗದೆ ಗಂಟುಮೂಟೆ ಕಟ್ಟುವುದಿಲ್ಲ ಎಂದು ಹಟ ಹಿಡಿದೆ.

ಕಾರಣ ಸಿಕ್ಕದ್ದು ಅಕ್ಟೋಬರಿನಲ್ಲಿ, ಅಲರ್ಜಿ ತಜ್ಞರೊಬ್ಬರ ಕ್ಲಿನಿಕ್ಕಿನಲ್ಲಿ. ಪರೀಕ್ಷೆಗೆ ಒಂದು ವಾರ ಮೊದಲು ಸೀನಿನ ಗುಳಿಗೆ ನಿಲ್ಲಿಸಬೇಕು, ಇಲ್ಲವಾದರೆ ಚರ್ಮ ಉತ್ತರ ಕೊಡುವುದಿಲ್ಲ. ಆ ಒಂದು ವಾರ ಲ್ಯಾಬಿನಲ್ಲಿ ನನ್ನ ಜೊತೆಗೆ ಕೆಲಸ ಮಾಡಿದವರಿಗೆ ನಾನು ಋಣಿ. ಪರೀಕ್ಷೆಯ ದಿನ ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಪ್ರತಿ ಗುರುತಿನ ಬಳಿ ಒಂದು ಹನಿ ಇಟ್ಟರು. ಒಂದರಲ್ಲಿ ಧೂಳಿನ ಸಾರ, ಇನ್ನೊಂದರಲ್ಲಿ ಜಿರಲೆಯದು, ಮತ್ತೊಂದರಲ್ಲಿ ಬೂಷ್ಟು, ಬೆಕ್ಕಿನ ಕೂದಲು, ಹುಲ್ಲಿನ ಪರಾಗ, ನಮ್ಮ ಕಡೆಯ ಕಾಂಗ್ರೆಸ್ ಕಸ ಕೂಡ. ಹನಿಯ ಮೂಲಕವೇ ಸಣ್ಣ ಮೊನೆಯಿಂದ ಚರ್ಮವನ್ನು ಚುಚ್ಚುತ್ತಾರೆ, ರಕ್ತ ಬರುವುದಿಲ್ಲ. ಎರಡು ಹನಿ ಸಾಕ್ಷಿಗಾಗಿ: ಹಿಸ್ಟಮಿನ್ ಇರುವುದು ಉಬ್ಬಲೇಬೇಕು, ಬರೀ ಉಪ್ಪುನೀರು ಉಬ್ಬಬಾರದು. ಲ್ಯಾಬಿನವಳಾದ ನನಗೆ ಇದು ತುಂಬಾ ಹಿಡಿಸಿತು. ಹದಿನೈದು-ಇಪ್ಪತ್ತು ನಿಮಿಷ ಕೆರೆದುಕೊಳ್ಳದೆ ಕೂರಬೇಕು, ಅದೇ ಕಷ್ಟ. ಆಮೇಲೆ ಉಬ್ಬುಗಳನ್ನು ಸ್ಕೇಲಿನಿಂದ ಅಳೆದರು. ಉಪ್ಪುನೀರಿನದಕ್ಕಿಂತ 3 ಮಿಲಿಮೀಟರ್ ಹೆಚ್ಚಾದರೆ ಅಲರ್ಜಿ ಇದೆ ಎಂದರ್ಥ. ಜಿರಲೆಗೆ 4 ಬಂತು. ಮನೆಧೂಳಿನ ನುಸಿಗೆ 9.

ನುಸಿ ಎಂದಾಗ ನನಗೆ ನೆನಪಾದದ್ದು ತುಮಕೂರಿನ ನೆಂಟರ ತೋಟದ ತೆಂಗಿನಕಾಯಿಗಳು, ಒರಟಾಗಿ ಸಣ್ಣಗಾಗಿ ಬೀಳುತ್ತಿದ್ದವು. ಇದು ಅದರ ದೂರದ ನೆಂಟ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು, ಬರಿಗಣ್ಣಿಗೆ ಕಾಣುವುದು ಕಷ್ಟ. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಗಾದಿ, ದಿಂಬು, ಸೋಫಾದಲ್ಲಿ ಬದುಕುತ್ತದೆ. ಅದರ ಹಿಕ್ಕೆಯೇ ನಮ್ಮ ಮೂಗಿಗೆ ಶತ್ರು. ನೀರು ಕುಡಿಯುವ ಜೀವಿಯಲ್ಲ ಅದು, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ. 50ಕ್ಕಿಂತ ಕೆಳಗೇ ಉಳಿದರೆ ಒಣಗಿ ಸಾಯುತ್ತದೆ, 70 ದಾಟಿದರೆ ಸಂಸಾರ ಬೆಳೆಸುತ್ತದೆ. ಬ್ಯಾಡಗಿಯ ಮೇ ತಿಂಗಳ ಒಣಹವೆಯಲ್ಲಿ ನನ್ನ ಮೂಗು ಏಕೆ ತೆರೆಯುತ್ತಿತ್ತು, ಖಾಡಿಯ ಪಕ್ಕದ ಕಳಂಬೋಲಿಯಲ್ಲಿ ಏಕೆ ಮುಚ್ಚುತ್ತಿತ್ತು ಎಂಬುದಕ್ಕೆ ಇಷ್ಟು ಸಾಕು. ಮೆಣಸಿನಕಾಯಿಯ ಘಾಟು ಅಲರ್ಜಿಯೇ ಅಲ್ಲವಂತೆ, ಅದು ನರಗಳನ್ನು ನೇರವಾಗಿ ಕೆಣಕುವ ಖಾರ ಅಷ್ಟೆ.

ಮನೆಧೂಳಿನ ಅಲರ್ಜಿಗೆ ಈ ನುಸಿಯೇ ಕಾರಣ ಎಂದು 1964ರಲ್ಲಿ ಮೊದಲು ಹೇಳಿದ್ದು ಹಾಲೆಂಡಿನ ಲೈಡನ್ ಊರಿನ ಫೋರ್‌ಹೋರ್ಸ್ಟ್, ಸ್ಪೀಕ್ಸ್ಮಾ ಮತ್ತವರ ಜೊತೆಯವರು. ತಗ್ಗಿನ ನೆಲದ, ಥಂಡಿ ಹಿಡಿದ ಮನೆಗಳ ದೇಶ ಅದು. ನವಿ ಮುಂಬೈ ಕಟ್ಟಿದ ಸಿಡ್ಕೊ ಸಂಸ್ಥೆಯೂ ಭರತದ ನೀರು ತಡೆಯಲು ಡಚ್ಚರ ಕ್ರಮ ಅನುಸರಿಸಿ ಹೋಲ್ಡಿಂಗ್ ಪಾಂಡ್‌ಗಳನ್ನು ಮಾಡಿತು ಎಂಬುದನ್ನು ಇಲ್ಲಿ ಸೇರಿಸಬೇಕು ಅನಿಸುತ್ತದೆ. ತಗ್ಗು ನೆಲವೂ ಅವರದೇ ಮಾದರಿ, ನುಸಿಯೂ ಅವರದೇ ಶೋಧ.

ಚಿಕಿತ್ಸೆಯ ವಿಷಯ. ಗುಳಿಗೆ, ಮೂಗಿನ ಸ್ಪ್ರೇ, ಇನ್‌ಹೇಲರ್ ಇವು ಲಕ್ಷಣಗಳನ್ನು ಹತ್ತಿಕ್ಕುತ್ತವೆ. ಅಲರ್ಜಿಯ ಸ್ವಭಾವವನ್ನೇ ತಿದ್ದಬೇಕಾದರೆ ಇಮ್ಯುನೋಥೆರಪಿ. ಯಾವುದು ಆಗಿಬರುವುದಿಲ್ಲವೋ ಅದನ್ನೇ ಕಣಕಣವಾಗಿ, ಪ್ರಮಾಣ ಏರಿಸುತ್ತ ಚುಚ್ಚಿ ದೇಹಕ್ಕೆ ಒಗ್ಗಿಸುವುದು. ಇದು ಹೊಸ ವಿದ್ಯೆಯೂ ಅಲ್ಲ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್ 1911ರಲ್ಲಿ ಹುಲ್ಲಿನ ಪರಾಗದ ಸಾರ ಚುಚ್ಚಿ ಹೇ ಫೀವರ್ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ. ಎರಡು ವರ್ಷದಲ್ಲಿ ಕ್ಷಯದಿಂದ ತೀರಿಕೊಂಡ, ಅವನ ಜೊತೆಗಾರ ಜಾನ್ ಫ್ರೀಮನ್ ಮುಂದುವರಿಸಿದ. ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಹನಿಯ ರೂಪದಲ್ಲೂ ಇದು ಈಗ ಸಿಗುತ್ತದೆ. ನನಗೆ ಡಾಕ್ಟರು ಇಂಜೆಕ್ಷನ್ ಆರಿಸಿದರು.

ಆದರೆ ತಕ್ಷಣ ಶುರು ಮಾಡಲಿಲ್ಲ. ಅಸ್ತಮಾ ಹತೋಟಿಗೆ ಬಾರದೆ ಈ ಚುಚ್ಚುಮದ್ದು ಕೊಡುವುದು ಅಪಾಯ ಎಂದು ಮೊದಲು ಇನ್‌ಹೇಲರ್ ಹಿಡಿಸಿದರು. ಅತ್ತೆಯವರಿಗೆ ಇದು ಸರಿಬರಲಿಲ್ಲ. "ಅದಕ್ಕ ಒಮ್ಮೆ ಹತ್ತಿದ್ರ ಸಾಯೂತನ ಬಿಡಂಗಿಲ್ಲ" ಎಂಬ ಭಯ. ನಾನು ಅವರ ಕೈಗೊಂದು ಪೀಕ್ ಫ್ಲೋ ಮೀಟರ್ ಕೊಟ್ಟು, ದಿನಾ ಬೆಳಿಗ್ಗೆ ನಾನು ಊದಿದ ಅಂಕಿಯನ್ನು ವಿಡಿಯೋ ಕಾಲಿನಲ್ಲಿ ಓದಿ ಹೇಳತೊಡಗಿದೆ. ಅವರು ಅಲ್ಲಿ ತಮ್ಮ ಮೀಟರ್ ಊದಿ ತಮ್ಮದನ್ನು ಹೇಳುತ್ತಿದ್ದರು. ಮೊದಲ ದಿನ ನನ್ನದು 260. ಅರವತ್ತೆಂಟು ವರ್ಷದ ಅತ್ತೆಯವರದು 310. ಆಮೇಲೆ ಇನ್‌ಹೇಲರಿನ ಬಗ್ಗೆ ಅವರು ತಕರಾರು ಎತ್ತಲಿಲ್ಲ.

2024ರ ನವೆಂಬರ್ 9, ಶನಿವಾರ ಮೊದಲ ಇಂಜೆಕ್ಷನ್. ಹದಿನಾರು ವಾರ ವಾರಕ್ಕೊಂದು, ನಂತರ ಎರಡು ತಿಂಗಳು ಹದಿನೈದು ದಿನಕ್ಕೊಂದು, ಆಮೇಲೆ ತಿಂಗಳಿಗೊಂದು. ಚುಚ್ಚಿದ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂರಬೇಕು. ಬಹಳ ಅಪರೂಪಕ್ಕೆ ಮೈಯೆಲ್ಲ ಉಬ್ಬಿ ರಕ್ತದೊತ್ತಡ ಕುಸಿಯಬಹುದು, ಅದಕ್ಕಾಗಿ ಅಡ್ರಿನಲಿನ್ ತುಂಬಿದ ಟ್ರೇ ಕೈಯಳತೆಯಲ್ಲಿರುತ್ತದೆ. ಮನೆಯಲ್ಲಿ ಕಾಂಪೌಂಡರ್ ಕರೆಸಿ ಹಾಕಿಸಿಕೊಳ್ಳುವ ಮದ್ದು ಇದಲ್ಲ. ಒಟ್ಟು ಮೂರರಿಂದ ಐದು ವರ್ಷ, ನಡುವೆ ಬಿಡಬಾರದು.

ಮೂರರಿಂದ ಐದು ವರ್ಷ! ಮುಂಬೈ ಸೀಮೆಯಲ್ಲಿ ಬಾಡಿಗೆದಾರನ ಆಯುಷ್ಯ ಹನ್ನೊಂದು ತಿಂಗಳು.

2025ರ ಸೆಪ್ಟೆಂಬರಿನಲ್ಲಿ ನಮ್ಮ ಮನೆಯೊಡೆಯರ ಫೋನ್ ಬಂತು. ನವೆಂಬರ್ ಕೊನೆಗೆ ಕರಾರು ಮುಗಿಯುತ್ತದೆ, ಮುಂದುವರಿಸುವುದಾದರೆ 14 ಸಾವಿರದ ಬಾಡಿಗೆ 19 ಆಗಬೇಕು, ಇಲ್ಲವಾದರೆ ಬಿಡಿ. ನವಿ ಮುಂಬೈ ವಿಮಾನ ನಿಲ್ದಾಣದ ಉದ್ಘಾಟನೆ ಹತ್ತಿರವಾಗಿತ್ತು, ಅಕ್ಟೋಬರ್ 8ರಂದು ಆಗಿಯೂ ಹೋಯಿತು. ಅಲ್ಲಿಂದ ವಿಮಾನ ಹಾರಲು ಡಿಸೆಂಬರ್ ಆಗಬೇಕಿತ್ತು. ಬಾಡಿಗೆಗಳು ಅದಕ್ಕೂ ಮೊದಲೇ ಹಾರಿದ್ದವು. ಕೋಪ ಬಂದರೂ ಆ ಮನೆ ಬಿಡುವುದು ನನಗೆ ಒಳಗೊಳಗೇ ಬೇಕಾಗಿತ್ತು. ಪಡುವಣದ ಗೋಡೆ ಜೂನ್ ಬಂದರೆ ಬೆವರುತ್ತಿತ್ತು, ಕಪಾಟಿನ ಹಿಂದೆ ಹಸಿರು-ಕಪ್ಪು ಬೂಷ್ಟು. ಎಷ್ಟು ಇಂಜೆಕ್ಷನ್ ತಗೊಂಡರೂ ಅಂಥ ಕೋಣೆಯಲ್ಲಿ ಮಲಗಿದರೆ ತೂತುಕೊಡಕ್ಕೆ ನೀರು ಹೊತ್ತ ಹಾಗೆ ಎಂದು ಡಾಕ್ಟರೂ ಹೇಳಿದ್ದರು, ಅವರ ಮರಾಠಿಯಲ್ಲಿ.

ಹೀಗೆ ಮನೆ ಹುಡುಕಾಟ ಶುರುವಾಯಿತು. ಬ್ರೋಕರುಗಳ ಬಳಿ ಇರುವ ಪಟ್ಟಿಯಲ್ಲಿ ಬಾಡಿಗೆ, ಡಿಪಾಸಿಟ್, ಎಷ್ಟನೇ ಮಹಡಿ, ಎಷ್ಟು ಹೊತ್ತು ನೀರು, ಲಿಫ್ಟ್ ಇದೆಯೋ ಇಲ್ಲವೋ ಎಲ್ಲ ಇರುತ್ತದೆ. ಗೋಡೆಗೆ ಥಂಡಿ ಇದೆಯೇ ಎಂಬ ಕಾಲಂ ಇರುವುದಿಲ್ಲ. ನಾನು ಆರ್ದ್ರತೆ ಅಳೆಯುವ, ಅಂಗೈಯಷ್ಟು ಚಿಕ್ಕ ಡಿಜಿಟಲ್ ಮೀಟರ್ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಮಲಗುವ ಕೋಣೆಯಲ್ಲಿ ಇಟ್ಟು, ಹತ್ತು ನಿಮಿಷ ಬಿಟ್ಟು ನೋಡುವುದು, ಹೊರಗಿನ ಅಂಕಿಯೊಂದಿಗೆ ಹೋಲಿಸುವುದು. ಮೂರನೇ ವಾರದ ಹೊತ್ತಿಗೆ ಬ್ರೋಕರುಗಳ ನಡುವೆ ನನ್ನ ಹೆಸರು 'ಮೀಟರ್‌ವಾಲಿ ಮ್ಯಾಡಮ್'. ಒಬ್ಬನಂತೂ "ಮ್ಯಾಡಮ್, ಘರ್ ಲೇನಾ ಹೈ ಯಾ ಉಸ್ಕಾ ಬುಖಾರ್ ನಾಪ್ನಾ ಹೈ?" ಎಂದೇ ಕೇಳಿದ. ಎರಡನೆಯದೇ ಹೆಚ್ಚು ಸರಿ ಎಂದೆ.

ಕಳಂಬೋಲಿಯ ಮನೆಗಳಿಗೆ ಮಹಡಿಗೊಂದು ರೋಗ. ಸಿಡ್ಕೊ ಕಟ್ಟಿದ ಹಳೆಯ ನಾಲ್ಕು ಮಹಡಿಯ ಕಟ್ಟಡಗಳಲ್ಲಿ ನೆಲಮಹಡಿ ಅಗ್ಗ. ಒಂದು ಕಡೆ ಹೋದಾಗ ಎದುರು ಮನೆಯ ಅಜ್ಜಿ ಗೋಡೆಯ ಮೇಲೆ ತಮ್ಮ ಎದೆಮಟ್ಟಕ್ಕೆ ಕೈ ಇಟ್ಟು ತೋರಿಸಿದರು: 2005ರ ಜುಲೈ 26ರಂದು ನೀರು ಇಲ್ಲಿಗೆ ಬಂದಿತ್ತು. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾದದ್ದು ಎಲ್ಲರಿಗೂ ನೆನಪಿದೆ, ಕಳಂಬೋಲಿ ಮುಳುಗಿದ್ದು ಮುಂಬೈಯವರಿಗೇ ನೆನಪಿಲ್ಲ. ಕೊನೆಯ ಮಹಡಿಗೆ ಹೋದರೆ ತಾರಸಿ ಸೋರುತ್ತದೆ, ಅದಕ್ಕೇ ಇಲ್ಲಿ ಎಷ್ಟೋ ಕಟ್ಟಡಗಳು ತಲೆಯ ಮೇಲೆ ತಗಡಿನ ಛಾವಣಿ ಹೊತ್ತು ನಿಂತಿವೆ. ನಡುವಿನ ಮಹಡಿಗಳಲ್ಲಿ ನೋಡಬೇಕಾದದ್ದು ಮೇಲಿನ ಮನೆಯ ಬಚ್ಚಲು. ನಮ್ಮ ಮಲಗುವ ಕೋಣೆಯ ಗೋಡೆಗೆ ಅವರ ಬಚ್ಚಲು ತಾಗಿದ್ದರೆ ಮುಗಿಯಿತು. ಹೊಸ ಬಣ್ಣದ ವಾಸನೆ ಬಂದರೆ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು, ಬಣ್ಣ ಯಾವ ಗೋಡೆಗೆ ಮಾತ್ರ ಹೊಡೆದಿದ್ದಾರೆ ಎಂದು ಹುಡುಕುತ್ತಿದ್ದೆ. ನೈಋತ್ಯದ ಮಾನ್ಸೂನ್ ನೇರವಾಗಿ ಬಂದು ಬಡಿಯುವುದು ಪಡುವಣ ಮತ್ತು ತೆಂಕಣದ ಗೋಡೆಗಳಿಗೆ, ಬಣ್ಣವೂ ಸಾಮಾನ್ಯವಾಗಿ ಅಲ್ಲಿಗೇ.

ಇನ್ನು ಪಾರಿವಾಳ. ಕಟ್ಟಡಗಳ ಹಿಂದಿನ ಡಕ್ಟ್‌ಗಳಲ್ಲಿ, ಏಸಿ ಡಬ್ಬಗಳ ಮೇಲೆ, ಕಿಟಕಿಯ ಛಜ್ಜಾಗಳಲ್ಲಿ ಅವುಗಳದೇ ರಾಜ್ಯ. ದಾದರಿನ ಕಬೂತರ್‌ಖಾನಾವನ್ನು 2025ರ ಆಗಸ್ಟಿನಲ್ಲಿ ತಾಡಪತ್ರಿಯಿಂದ ಮುಚ್ಚಿದಾಗ ಎದ್ದ ಗದ್ದಲ, ಹೈಕೋರ್ಟಿನ ಮಾತು ಎಲ್ಲ ನೀವು ಓದಿರುತ್ತೀರಿ. ಧರ್ಮದ ಮಾತು ಒಂದು ಕಡೆ ಇರಲಿ. ಡಾಕ್ಟರು ನನಗೆ ಬಿಡಿಸಿ ಹೇಳಿದ್ದು ಇಷ್ಟು: ಪಾರಿವಾಳದ ಒಣಹಿಕ್ಕೆ, ಗರಿಯ ಹುಡಿಯಿಂದ ಬರುವ ಕಾಯಿಲೆ ನನ್ನ ಸೀನಿನ ಜಾತಿಯದಲ್ಲ. ಅದು ಶ್ವಾಸಕೋಶದ ಆಳದಲ್ಲಿ ಉರಿಯೂತ ಎಬ್ಬಿಸಿ, ವರ್ಷಗಟ್ಟಲೆ ಬಿಟ್ಟರೆ ಅಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗಿಸುತ್ತದೆ, ಹಿಂದಕ್ಕೆ ತರುವುದು ಕಷ್ಟ. ಮುಂಗೈ ಮೇಲಿನ ಚುಚ್ಚು ಪರೀಕ್ಷೆಯಲ್ಲಿ ಅದು ಸಿಗುವುದೂ ಇಲ್ಲ. ಖಾರಘರದಲ್ಲಿ ಚೆಂದದ ಮನೆಯೊಂದನ್ನು ಬಿಟ್ಟದ್ದು ಇದೇ ಕಾರಣಕ್ಕೆ. ಬಾಡಿಗೆ ನಮ್ಮ ಕೈಮೀರಿದ್ದು ಎರಡನೆಯ ಕಾರಣ, ಅದನ್ನು ಬ್ರೋಕರಿಗೆ ಹೇಳಲಿಲ್ಲ.

ತಳೋಜಾ ಕಡೆ ಹೊಸ ಕಟ್ಟಡಗಳು ಬಹಳ ಎದ್ದಿವೆ, ನಮ್ಮ ಬಜೆಟ್ಟಿಗೆ ಬರುತ್ತವೆ. 2023ರ ನವೆಂಬರಿನಿಂದ ಬೇಲಾಪುರ–ಪೆಂಧರ್ ಮೆಟ್ರೋ ಕೂಡ ಓಡುತ್ತಿದೆ. ನನ್ನ ಕಾರ್ಖಾನೆಗೂ ಹತ್ತಿರ. ಆದರೆ ರಾತ್ರಿ ಗಾಳಿ ತಿರುಗಿದರೆ ವಸಾಹತುವಿನ ಘಾಟು ಹಾಸಿಗೆಗೇ ಬರುತ್ತದೆ. ಅದೇ ವಸಾಹತುವಿನಲ್ಲಿ ದುಡಿದು ಉಣ್ಣುವ ನಾನು ಇದನ್ನು ಬರೆಯುವುದು ವಿಚಿತ್ರ, ಆದರೆ ಬರೆಯದಿರುವುದು ಇನ್ನೂ ವಿಚಿತ್ರ. 2017ರಲ್ಲಿ ಕಾಸಾಡಿ ನದಿಯ ಬಳಿ ನಾಯಿಗಳು ನೀಲಿ ಬಣ್ಣಕ್ಕೆ ತಿರುಗಿದ ಚಿತ್ರ ದೇಶವೆಲ್ಲ ಓಡಾಡಿತಲ್ಲ, ಅದು ಇಲ್ಲಿಯದೇ. ರಾಸಾಯನಿಕದ ವಾಸನೆ ಅಲರ್ಜಿ ಅಲ್ಲ, ಆದರೆ ಮೊದಲೇ ಊದಿಕೊಂಡ ಶ್ವಾಸನಾಳಕ್ಕೆ ಅದು ಗಾಯದ ಮೇಲಿನ ಉಪ್ಪು. ಹಗಲು ಎಂಟು ಗಂಟೆ ಮಾಸ್ಕ್ ಹಾಕಿಕೊಂಡು ಅಲ್ಲಿ ಇರುತ್ತೇನೆ, ರಾತ್ರಿಯ ಎಂಟು ಗಂಟೆಯಾದರೂ ಬೇರೆ ಗಾಳಿ ಬೇಡವೇ?

ಮನೆಯೊಡೆಯರು ಕೇಳುವ ಪ್ರಶ್ನೆಗಳದು ಬೇರೆಯೇ ಪುರಾಣ. ಸಸ್ಯಾಹಾರಿಗಳೇ, ಮಕ್ಕಳೆಷ್ಟು, ನೆಂಟರು ಬಹಳ ಬರುತ್ತಾರೆಯೇ. ಕರ್ನಾಟಕ ಎಂದರೆ ತಪ್ಪದೆ "ಬೆಳಗಾಂವ್?" ಎನ್ನುತ್ತಾರೆ. ಅಲ್ಲ, ಹಾವೇರಿ ಜಿಲ್ಲೆ ಎಂದರೆ ಅವರಿಗೂ ನಿರಾಳ, ನನಗೂ ನಿರಾಳ. ಅಸ್ತಮಾ ಇದೆ ಎಂದು ಹೇಳಿದರೆ ಒಬ್ಬರು ಮನೆ ಕೊಡಲಿಲ್ಲ, ಅಂಟುತ್ತದೆ ಎಂದು ಅವರ ಸೊಸೆಗೆ ಅನುಮಾನವಂತೆ. ಆ ನಂತರ ಯಜಮಾನರು ಹೇಳಬೇಡ ಎಂದರು. ನಾನು ಹೇಳುವುದನ್ನು ಬಿಡಲಿಲ್ಲ. ಕಪಾಟಿನ ಹಿಂದೆ ಕೈಹಾಕಿ ಗೋಡೆ ಮುಟ್ಟಿ ನೋಡಲು ಏನಾದರೂ ಕಾರಣ ಹೇಳಬೇಕಲ್ಲ.

ಕೊಂಡುಬಿಡೋಣ ಎಂಬ ಮಾತೂ ಬಂತು. ಬ್ಯಾಂಕಿನ ಕಂತು ಲೆಕ್ಕ ಹಾಕಿದೆವು. ರೋಡಪಾಲಿಯಲ್ಲಿ ಒಂದು ಫ್ಲ್ಯಾಟ್ ಎರಡು ಬಾರಿ ನೋಡಿದೆವು, ಮುಂಗಡಕ್ಕೆ ಊರಿನ ನಿವೇಶನ ಮಾರಬೇಕಾಗುತ್ತದೆ. ಅದನ್ನು ಮಾರಿದರೆ ಮರಳಿ ಹೋಗುವ ಮಾತು ಅಲ್ಲಿಗೆ ಮುಗಿದಂತೆ. ಇಂಜೆಕ್ಷನ್ ಫಲ ಕೊಡುತ್ತದೋ ಇಲ್ಲವೋ ಪೂರ್ತಿ ಗೊತ್ತಾಗುವ ಮೊದಲೇ ಅಂಥ ನಿರ್ಧಾರ ಬೇಡ ಎಂದು ನಾನೇ ಹೇಳಿದೆ. ಈ ವಿಷಯದಲ್ಲಿ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.

ಹತ್ತೊಂಬತ್ತನೆಯ ಮನೆ ಸಿಕ್ಕಿತು. ಕಳಂಬೋಲಿಯಲ್ಲೇ, ಹಳೆಯ ಕಟ್ಟಡದ ಎರಡನೇ ಮಹಡಿ. ಮಲಗುವ ಕೋಣೆಗೆ ಮೂಡಣದ ಕಿಟಕಿ, ಬೆಳಗಿನ ಬಿಸಿಲು ಗಾದಿಯ ಮೇಲೇ ಬೀಳುತ್ತದೆ. ಅಕ್ಟೋಬರಿನ ಕೊನೆಯಲ್ಲಿ ಅಕಾಲಿಕ ಮಳೆ ಸುರಿದ ಮರುದಿನವೇ ಹೋಗಿ ನೋಡಿದೆ. ಹೊರಗೆ 81 ಇದ್ದ ಮೀಟರ್ ಒಳಗೆ 68 ತೋರಿಸಿತು, ಗೋಡೆ ಒಣಗಿತ್ತು. ಕೊರತೆ ಇಲ್ಲದಿಲ್ಲ. ಹೆದ್ದಾರಿ ಹತ್ತಿರ, ಸ್ಟೀಲ್ ಮಾರ್ಕೆಟ್ಟಿನ ಟ್ರೇಲರುಗಳು ಇಡೀ ರಾತ್ರಿ ಗುಡುಗುತ್ತವೆ, ಅಡುಗೆಮನೆಯ ಕಿಟಕಿ ಡಕ್ಟಿನ ಕಡೆ. ಬಾಡಿಗೆ 16 ಸಾವಿರ, ಡಿಪಾಸಿಟ್ 50. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಬಂದ ನನ್ನ ತಮ್ಮನಿಗೆ ಇದು ಕೇಳಿ ಹೊಟ್ಟೆಯುರಿ.

ಮಾಲೀಕರು ನಿವೃತ್ತ ಶಿಕ್ಷಕರು. ಹನ್ನೊಂದು ತಿಂಗಳ ಬದಲು ಇಪ್ಪತ್ತನಾಲ್ಕು ತಿಂಗಳಿಗೆ ಬರೆದುಕೊಡಿ ಎಂದು ಕೇಳಿದಾಗ ಯಾಕೆ ಎಂದರು. ಚಿಕಿತ್ಸೆಯ ಕಾಗದ ತೋರಿಸಿದೆ. ಪೂರ್ತಿ ಓದಿ, ಎರಡನೇ ವರ್ಷ ಶೇ. 5 ಏರಿಕೆಯ ಷರತ್ತಿನ ಮೇಲೆ ಒಪ್ಪಿದರು. ನಮ್ಮ ಕಡೆಯವರಿಗೆ ಒಂದು ಮಾತು ತಿಳಿಸಬೇಕು. ಕರ್ನಾಟಕದಲ್ಲಿ ನೋಂದಣಿ ತಪ್ಪಿಸಲೆಂದೇ ಹನ್ನೊಂದು ತಿಂಗಳಿಗೆ ಬಾಂಡ್ ಪೇಪರಿನ ಮೇಲೆ ಬರೆದು ಮುಗಿಸುವ ರೂಢಿ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಎಷ್ಟೇ ತಿಂಗಳ 'ಲೀವ್ ಅಂಡ್ ಲೈಸೆನ್ಸ್' ಇದ್ದರೂ ನೋಂದಾಯಿಸಲೇಬೇಕು, ಆ ಹೊಣೆ ಮಾಲೀಕರದು. ನೋಂದಣಿ ಇಲ್ಲದಿದ್ದರೆ, ತಕರಾರು ಬಂದಾಗ ಬಾಡಿಗೆದಾರ ಹೇಳಿದ ಷರತ್ತನ್ನೇ ಸದ್ಯಕ್ಕೆ ನಿಜವೆಂದು ಹಿಡಿಯುತ್ತಾರೆ. ಹಾಗೆಯೇ ಅವಧಿ ಮುಗಿದ ಮೇಲೂ ಕೂತರೆ 24ನೇ ಕಲಮಿನಂತೆ ಎರಡು ಪಟ್ಟು ಕೊಡಬೇಕು. ಈಗ ಏಜೆಂಟ್ ಹುಡುಗನೇ ಮನೆಗೆ ಹೆಬ್ಬೆಟ್ಟಿನ ಯಂತ್ರ ತರುತ್ತಾನೆ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಲ್ಯಾಬಿನಲ್ಲಿ ಕೈ ತೊಳೆದು ತೊಳೆದು ಸವೆದ ನನ್ನ ಹೆಬ್ಬೆಟ್ಟನ್ನು ಯಂತ್ರ ಏಳು ಬಾರಿ ತಿರಸ್ಕರಿಸಿತು. ಎಂಟನೆಯದಕ್ಕೆ ಒಪ್ಪಿತು. ಕರಾರು 2027ರ ನವೆಂಬರಿಗೆ ಮುಗಿಯುತ್ತದೆ, ಇಂಜೆಕ್ಷನ್ನಿನ ಮೂರು ವರ್ಷವೂ ಅದೇ ತಿಂಗಳಿಗೆ.

ಸಾಮಾನು ಕಟ್ಟುವಾಗ ಉಳಿದ ದೊಡ್ಡ ಪ್ರಶ್ನೆ ಕೌದಿಯದು. ನಮ್ಮಜ್ಜಿ ತನ್ನ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಒಂದು ಬೇಸಿಗೆಯಿಡೀ ಕೂತು ಹೊಲಿದದ್ದು. ಮದುವೆಯಲ್ಲಿ ನನ್ನ ಜೊತೆ ಬಂದದ್ದು. ಹಾಸಿಗೆ-ಹೊದಿಕೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯಬೇಕೆಂಬುದು ಡಾಕ್ಟರ ಆಜ್ಞೆ, ಗಾದಿ-ದಿಂಬುಗಳಿಗೆ ನುಸಿ ನುಸುಳದ ಒತ್ತುನೇಯ್ಗೆಯ ಕವಚ ಹಾಕಿಯಾಗಿದೆ. ಕೌದಿಯನ್ನು ಬಿಸಿನೀರಿಗೆ ಹಾಕಿದರೆ ಇಳಕಲ್ಲಿನ ಬಣ್ಣ ಬಿಡುತ್ತದೆ. ಎಸೆಯುವ ಮಾತನ್ನು ನಾನು ಕೇಳಲು ತಯಾರಿರಲಿಲ್ಲ. ಡಾಕ್ಟರೇ ಇನ್ನೊಂದು ದಾರಿ ಹೇಳಿದರು: ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದೆರಡು ದಿನ ಡೀಪ್ ಫ್ರೀಜರಿನಲ್ಲಿ ಇಟ್ಟರೆ ನುಸಿ ಸಾಯುತ್ತದೆ. ಸತ್ತ ಮೇಲೂ ಹಿಕ್ಕೆ ಉಳಿಯುತ್ತದೆ, ಅದನ್ನು ತಣ್ಣೀರಿನಲ್ಲಿ ತೊಳೆದು ತೆಗೆಯಬೇಕು.

ನಮ್ಮ ಮನೆಯ ಫ್ರಿಜ್ಜಿನ ಡಬ್ಬಿಯಲ್ಲಿ ಕೌದಿಯ ಒಂದು ಮೂಲೆಯೂ ಹಿಡಿಯದು. ಕೊನೆಗೆ ಬೀದಿಯ ಡೇರಿ ಅಂಗಡಿಯವರನ್ನು ಕೇಳಿದೆ. ಅವರು ಮಂಗಳೂರು ಕಡೆಯವರು, ಕನ್ನಡದಲ್ಲೇ ಪೂರ್ತಿ ಕಥೆ ಕೇಳಿದರು, ತುಸು ಹೊತ್ತು ಯೋಚಿಸಿದರು. "ಐಸ್‌ಕ್ರೀಮ್ ಸೀಸನ್ ಅಲ್ಲ ಮಾರಾಯ್ರೆ, ಒಂದು ಫ್ರೀಜರ್ ಖಾಲಿ ಉಂಟು. ಆದ್ರೆ ಯಾರಿಗೂ ಹೇಳ್ಬೇಡಿ." ಎರಡು ರಾತ್ರಿ ನಮ್ಮಜ್ಜಿಯ ಕೌದಿ ಆ ಖಾಲಿ ಫ್ರೀಜರಿನಲ್ಲಿ ಒಂದೇ ಮಲಗಿತ್ತು. ಅವರು ಈಗ ಅಂಗಡಿ ಬಿಟ್ಟು ಊರಿಗೆ ಹೋಗಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ಡಿಸೆಂಬರ್ ಮೊದಲ ವಾರ ಹೊಸ ಮನೆಗೆ ಬಂದೆವು. ಈವರೆಗೆ 29 ಇಂಜೆಕ್ಷನ್ ಆಗಿವೆ. 2025ರ ಮಳೆಗಾಲದಲ್ಲಿ, ಆ ಹಳೆಯ ಥಂಡಿ ಕೋಣೆಯಲ್ಲೇ, ಒಂದು ರಾತ್ರಿಯೂ ಆಸ್ಪತ್ರೆಗೆ ಓಡಲಿಲ್ಲ. ಇನ್‌ಹೇಲರ್ ಬಿಟ್ಟಿಲ್ಲ, ಪ್ರಮಾಣ ಅರ್ಧಕ್ಕೆ ಇಳಿದಿದೆ. ಪೀಕ್ ಫ್ಲೋ ಈಗ 370, ಅತ್ತೆಯವರನ್ನು ಹಿಂದೆ ಹಾಕಿ ಬಹಳ ದಿನವಾಯಿತು. ಈ ಮನೆಯ ನಿಜವಾದ ಪರೀಕ್ಷೆ ಇನ್ನೂ ಮುಂದಿದೆ, ಜನವರಿಯಲ್ಲಿ ಯಾವ ಗೋಡೆಯಾದರೂ ಒಣಗಿಯೇ ಇರುತ್ತದೆ. ಜೂನ್ ಬರಲಿ.

ಅಡುಗೆಮನೆಯ ಕಿಟಕಿಗೆ ಬಲೆ ಹಾಕುವವನು ಮೂರು ಭಾನುವಾರದಿಂದ ಬರುತ್ತೇನೆ ಬರುತ್ತೇನೆ ಎನ್ನುತ್ತಿದ್ದಾನೆ. ಡಕ್ಟಿನಲ್ಲಿ ಒಂದು ಜೋಡಿ ಪಾರಿವಾಳ ಆಗಲೇ ಕಡ್ಡಿ ತರತೊಡಗಿದೆ. ನಾಳೆ ಅವನ ಅಂಗಡಿಗೇ ಹೋಗಿ ಕೂರುವುದು ಎಂದು ಯಜಮಾನರು ಹೇಳಿದ್ದಾರೆ. ಫೆಬ್ರವರಿ 7ರ ಶನಿವಾರ ಮೂವತ್ತನೆಯ ಇಂಜೆಕ್ಷನ್.